ಕೇಳಿ ಕೊಳ್ಳುವ ಪೇಟೆ

ಶ್ರಾವಣದ ಹುಣ್ಣಿಮೆಗೆ ಮೊದಲು ಬರುವ ಶುಕ್ರವಾರ ವರಮಹಾಲಕ್ಷ್ಮಿ ಹಬ್ಬ. ಅದರ ಹಿಂದಿನ ದಿನ ಬೆಂಗಳೂರಿನ ಕೆ.ಆರ್. ಮಾರ್ಕೆಟ್ ನೋಡಬೇಕೆಂದರೆ ಬೆಳಕು ಹರಿಯುವ ಮೊದಲೇ ಬರಬೇಕು. ಫ್ಲೈಓವರ್ ಕೆಳಗೆ ಟೆಂಪೊಗಳಿಂದ ಮಾವಿನ ಸೊಪ್ಪಿನ ಕಟ್ಟುಗಳು ಇಳಿಯುತ್ತಿರುತ್ತವೆ. ಬಾಳೆಕಂದುಗಳನ್ನು ಜೋಡಿಜೋಡಿಯಾಗಿ ಕಟ್ಟಿ ಗೋಡೆಗೆ ಒರಗಿಸಿರುತ್ತಾರೆ. ಹೂವಿನ ಮೂಟೆ ಹೊತ್ತ ಹಮಾಲರು ‘ಜಾಗ ಬಿಡಿ, ಜಾಗ ಬಿಡಿ’ ಎಂದು ಕೂಗುತ್ತ ನುಗ್ಗುತ್ತಾರೆ. ಅವರ ಹಿಂದೆಯೇ ಜನವೂ ನುಗ್ಗುತ್ತದೆ.

ಈ ಸಲ ನಾನು ಇಲ್ಲಿಂದ ಅವೆನ್ಯೂ ರಸ್ತೆ ಹಿಡಿದು ಚಿಕ್ಕಪೇಟೆಯವರೆಗೆ ನಡೆದೆ. ಅದಕ್ಕೊಂದು ಕಾರಣವಿತ್ತು. ಹಬ್ಬದ ವಾರ ಬಂತೆಂದರೆ ಪತ್ರಿಕೆಯ ಮುಖಪುಟ ಕಾಣುವುದಿಲ್ಲ. ಅದರ ಮೇಲೆ ಚಿನ್ನದಂಗಡಿಯ ಪುಟ, ಅದರೊಳಗೆ ರೇಷ್ಮೆ ಸೀರೆಯ ಪುಟ, ಆಮೇಲೆ ಫ್ರಿಜ್ಜು, ವಾಷಿಂಗ್ ಮಷಿನ್ನು, ಕಂತಿನ ಮೇಲೆ ಫೋನು. ಕೆಲಸಕ್ಕೆ ಸೇರಿ ಸ್ವಂತ ಸಂಬಳ ಕೈಗೆ ಬರತೊಡಗಿದ ಮೇಲೆ ಈ ಜಾಹೀರಾತುಗಳು ನನ್ನನ್ನೇ ಹುಡುಕಿಕೊಂಡು ಬರುತ್ತಿವೆ. ವರಮಹಾಲಕ್ಷ್ಮಿ ಹೆಂಗಸರ ಹಬ್ಬವಾದ್ದರಿಂದ ಈ ವಾರವಂತೂ ಪ್ರತಿ ಜಾಹೀರಾತಿನಲ್ಲೂ ನನ್ನ ವಯಸ್ಸಿನ ಒಬ್ಬ ಹುಡುಗಿ ಇರುತ್ತಾಳೆ. ಅವಳ ಹಬ್ಬಕ್ಕೂ ಪೇಟೆಯಲ್ಲಿ ನಡೆಯುವ ಹಬ್ಬಕ್ಕೂ ಏನು ಸಂಬಂಧ ಎಂದು ಹತ್ತಿರದಿಂದ ನೋಡಬೇಕಿತ್ತು.

ಹೂವಿನ ಅಂಗಳದಲ್ಲಿ

ಕೃಷ್ಣರಾಜೇಂದ್ರ ಮಾರುಕಟ್ಟೆ ಶುರುವಾದದ್ದು 1928ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ. ಹಳೆಯ ಕಟ್ಟಡದ ಮುಂಭಾಗ ಈಗಲೂ ನಿಂತಿದೆ. ಬೆಂಗಳೂರಿಗೆ ಕರೆಂಟು ಬಂದದ್ದು 1905ರಲ್ಲಿ, ಶಿವನಸಮುದ್ರದಿಂದ. ನಗರದ ಮೊದಲ ವಿದ್ಯುತ್ ಬೀದಿದೀಪಗಳು ಬೆಳಗಿದ್ದು ಈ ಸುತ್ತಮುತ್ತಲೇ. ಇವತ್ತು ಹಬ್ಬಕ್ಕೆ ಬೀದಿಯುದ್ದಕ್ಕೂ ಎಲ್‌ಇಡಿ ಸರ ಇಳಿಬಿಡುವ ಅಂಗಡಿಗಳು ಆ ನೆಲದ ಮೇಲೆಯೇ ವ್ಯಾಪಾರ ಮಾಡುತ್ತಿವೆ.

ಹೂವಿನ ವ್ಯಾಪಾರ ನೋಡಲು ಒಳ್ಳೆಯ ಜಾಗವೆಂದರೆ ಹೊಸ ಕಟ್ಟಡದ ಮೊದಲ ಮಹಡಿ. ಕಂಬಿ ಹಿಡಿದು ಕೆಳಗೆ ನೋಡಿದರೆ ಚೆಂಡು ಹೂವಿನ ಕೇಸರಿ, ಸೇವಂತಿಗೆಯ ಹಳದಿ ಮತ್ತು ಬಿಳಿ, ಗುಲಾಬಿ, ಸುಗಂಧರಾಜ, ನಡುನಡುವೆ ಮರುಗ ದವನದ ಹಸಿರು. ಕೋಲಾರ, ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರ, ಹೊಸೂರು ಕಡೆಯ ತೋಟಗಳಿಂದ ರಾತ್ರಿಯೇ ಹೊರಟ ಹೂವು ಇದು. ಕಲಶಕ್ಕೆ ತಾವರೆ ಬೇಕೆನ್ನುವವರು ಒಂದು ಮೂಲೆಗೆ ಹೋಗುತ್ತಾರೆ. ಕೇದಗೆ ಹುಡುಕುವವರು ಇನ್ನೊಂದು ಕಡೆ ಹೋಗುತ್ತಾರೆ. ಕನಕಾಂಬರದ ಮುಂದೆ ಎಲ್ಲರೂ ನಿಂತು, ಬೆಲೆ ಕೇಳಿ, ಒಮ್ಮೆ ಉಸಿರು ಬಿಟ್ಟು, ಆಮೇಲೆ ಕಾಲು ಕೆಜಿ ಎನ್ನುತ್ತಾರೆ. ಈ ವಾರ ಕನಕಾಂಬರ ಕೆಜಿಗೆ ಸಾವಿರದ ಗಡಿ ದಾಟುವುದು ವಾಡಿಕೆಯೇ ಆಗಿಹೋಗಿದೆ.

ಕೆಳಗಿಳಿದು ಹೊರಬಂದರೆ ಮೆಟ್ಟಿಲ ಬಳಿ ಕಟ್ಟಿದ ಹೂವು ಮಾರುವ ಹೆಂಗಸರು ಸಾಲಾಗಿ ಕೂತಿರುತ್ತಾರೆ. ಬಾಳೆನಾರು ಒದ್ದೆ ಮಾಡಿಟ್ಟುಕೊಂಡು, ಮಾತಾಡುತ್ತಲೇ ಮಲ್ಲಿಗೆ ಕಟ್ಟುತ್ತಿದ್ದ ಒಬ್ಬರ ಮುಂದೆ ನಿಂತೆ.

“ಅಕ್ಕ, ಮಲ್ಲಿಗೆ ಹೇಗೆ?”

“ಮೊಳ ಎಂಬತ್ತು ಕಣಮ್ಮ.”

“ಹೋದ ತಿಂಗಳು ಮೂವತ್ತಿತ್ತಲ್ಲಕ್ಕ?”

“ಹೋದ ತಿಂಗಳು ಆಷಾಢ, ಕೇಳೋರೇ ಇರ್ಲಿಲ್ಲ. ಈಗ ನೋಡು ಜನಾನ. ಮಳೆ ಬೇರೆ ಹುಯ್ದು ತೋಟದಲ್ಲೇ ಅರ್ಧ ಹೂವು ಕೊಳೆತೋಯ್ತಂತೆ. ನಮಗೇ ಜಾಸ್ತಿಗೆ ಬಿದ್ದಿದೆ. ಎರಡು ಮೊಳ ತಗೊ, ನೂರೈವತ್ತು ಕೊಡು.”

ಮೊಣಕೈಯಿಂದ ಬೆರಳ ತುದಿಗೆ ಎರಡು ಸಲ ಅಳೆದರು. ಅಳೆದ ಮೇಲೆ ನಾಲ್ಕು ಬೆರಳಷ್ಟು ಹೂವು ಬಿಟ್ಟು ನಾರು ಕತ್ತರಿಸಿದರು. ಆ ನಾಲ್ಕು ಬೆರಳು ಕೊಸರು.

ಇಷ್ಟು ಚಿಕ್ಕ ಮಾತುಕತೆಯಲ್ಲಿ ಏನೆಲ್ಲ ಇದೆ ನೋಡಿ. ಬೆಲೆ ಏಕೆ ಏರಿತು ಎಂಬುದಿದೆ, ಮಳೆಯ ಸುದ್ದಿ ಇದೆ, ಮಾರುವವರ ಅಸಲು ಎಷ್ಟಿರಬಹುದೆಂಬ ಸುಳಿವಿದೆ, ಎರಡು ಮೊಳಕ್ಕೆ ಎಷ್ಟು ಬಿಡಬಹುದೆಂಬ ಲೆಕ್ಕವಿದೆ. ನಾನು ಕೇಳಿದ್ದಕ್ಕೆ ಅವರು ಹೇಳಿದರು. ಬೇಡವೆಂದಿದ್ದರೆ ಪಕ್ಕದವರ ಬಳಿ ಹೋಗುತ್ತಿದ್ದೆ, ಅದನ್ನು ಅವರು ತಪ್ಪು ತಿಳಿಯುತ್ತಿರಲಿಲ್ಲ. ಪೇಟೆಯಲ್ಲಿ ಬೆಲೆ ಎರಡು ಬಾಯಿಗಳ ನಡುವೆ ಹುಟ್ಟುತ್ತದೆ. ಜಾಹೀರಾತಿನಲ್ಲಿ ಮಾತಾಡುವುದು ಒಂದೇ ಬಾಯಿ. ಅಲ್ಲಿ ‘ಏಕೆ’ ಎಂದು ಕೇಳಲು ಎದುರಿಗೆ ಯಾರೂ ಇರುವುದಿಲ್ಲ. ಹಬ್ಬದ ಜಾಹೀರಾತಿನ ಬಗ್ಗೆ ನನ್ನ ದೊಡ್ಡ ತಕರಾರು ಇದೇ.

ಇನ್ನೊಂದು ವಿಷಯವೂ ಇಲ್ಲಿಯೇ ಕಣ್ಣಿಗೆ ಬಿತ್ತು. ಕಲಶಕ್ಕೆ ತೆಂಗಿನಕಾಯಿ, ವೀಳ್ಯದೆಲೆ, ಅಡಿಕೆ, ಅರಿಶಿನ ಕುಂಕುಮ, ಮಾವಿನೆಲೆ, ಬಾಳೆಕಂದು, ಐದು ಬಗೆ ಹಣ್ಣು, ಕೈಗೆ ಕಟ್ಟಿಕೊಳ್ಳಲು ಅರಿಶಿನದ ದಾರ, ಬಂದವರಿಗೆ ಕೊಡಲು ಬಳೆ ಮತ್ತು ರವಿಕೆ ಕಣ. ಅಮ್ಮನ ಚೀಟಿಯಲ್ಲಿ ಇರುವುದು ಇಷ್ಟೇ. ಈ ಸಾಮಾನಿಗಾಗಿ ಯಾರೂ ಪತ್ರಿಕೆಯ ಮುಖಪುಟ ಕೊಂಡದ್ದನ್ನು ನಾನು ನೋಡಿಲ್ಲ. ಹಬ್ಬಕ್ಕೆ ನಿಜವಾಗಿ ಬೇಕಾದ್ದನ್ನು ಯಾರೂ ನೆನಪಿಸಬೇಕಿಲ್ಲ, ಅದು ಮನೆಯಲ್ಲಿ ಎಲ್ಲರಿಗೂ ಗೊತ್ತಿರುತ್ತದೆ. ಪುಟಗಟ್ಟಲೆ ನೆನಪಿಸುತ್ತಿರುವುದೆಲ್ಲ ಹಬ್ಬ ಕೇಳದೇ ಇದ್ದ ವಸ್ತುಗಳು.

ಈಗೀಗ ಕೆಲವೇ ನಿಮಿಷದಲ್ಲಿ ಮನೆಗೆ ತರುವ ಆ್ಯಪ್‌ಗಳಲ್ಲಿ ಬಾಳೆ ಎಲೆ, ಮಾವಿನ ಸೊಪ್ಪು, ಪೂಜೆಯ ಕಿಟ್ ಕೂಡ ಸಿಗುತ್ತವೆ. ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಪಿ.ಜಿ.ಯಲ್ಲಿದ್ದುಕೊಂಡು ರಾತ್ರಿ ಪಾಳಿ ಮಾಡುವ ಹುಡುಗಿಗೆ, ಮಂಡಿ ನೋವಿನಿಂದ ಮೆಟ್ಟಿಲು ಇಳಿಯಲಾರದ ಅಜ್ಜಿಗೆ ಅದು ನಿಜವಾದ ಉಪಕಾರ. ಆದರೆ ಕಿಟ್ಟಿನೊಳಗೆ ಏನಿರಬೇಕೆಂದು ತೀರ್ಮಾನಿಸುವವರು ನಾವಲ್ಲ. ನಮ್ಮ ಮನೆಯಲ್ಲಿ ಮರುಗ ಇಲ್ಲದೆ ಪೂಜೆಯಿಲ್ಲ. ಇನ್ನೊಬ್ಬರ ಮನೆಯಲ್ಲಿ ಕೇದಗೆ ಬೇಕೇ ಬೇಕು. ಡಬ್ಬಿಯೊಳಗೆ ಸೀಲ್ ಮಾಡಿದ ಹಬ್ಬ ಎಲ್ಲರಿಗೂ ಒಂದೇ ಆಗಿಬಿಡುತ್ತದೆ.

ಬೀದಿಯ ಹೆಸರೇ ಬೋರ್ಡು

ಮಾರ್ಕೆಟ್ಟಿನಿಂದ ಉತ್ತರಕ್ಕೆ ತಿರುಗಿದರೆ ಅವೆನ್ಯೂ ರಸ್ತೆ. ಕೆಂಪೇಗೌಡರು 1537ರಲ್ಲಿ ಪೇಟೆ ಕಟ್ಟಿಸಿದಾಗ ತೆಂಕಣದಿಂದ ಬಡಗಣಕ್ಕೆ ಹೋದ ಬೀದಿ ಇದು, ಹಳೆಯ ಹೆಸರು ದೊಡ್ಡಪೇಟೆ. ಮೂಡಣ ಪಡುವಣ ಹೋದದ್ದು ಚಿಕ್ಕಪೇಟೆ. ಇವೆರಡರ ಸುತ್ತ ಕಸುಬಿಗೊಂದು ಪೇಟೆ ಬೆಳೆಯಿತು. ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ಕುಂಬಾರಪೇಟೆ, ಬಳೇಪೇಟೆ, ಗಾಣಿಗರಪೇಟೆ, ನಗರ್ತಪೇಟೆ. ಜಾಹೀರಾತು ಎಂಬುದು ಹುಟ್ಟುವ ಮೊದಲು ಊರಿಗೆ ಇಷ್ಟು ಸಾಕಿತ್ತು. ಬಳೆ ಬೇಕಾದವಳು ಬಳೇಪೇಟೆಗೆ ಹೋಗುತ್ತಿದ್ದಳು. ಒಂದೇ ಕಸುಬಿನವರು ಒಂದೇ ಬೀದಿಯಲ್ಲಿ ಇದ್ದುದರಿಂದ ಅಂಗಡಿಯಿಂದ ಅಂಗಡಿಗೆ ಬೆಲೆ ತೂಗಿ ನೋಡುವುದು ಅವಳಿಗೆ ಸುಲಭವಿತ್ತು. ಇವತ್ತು ಅಕ್ಕಿಪೇಟೆಯಲ್ಲಿ ಔಷಧಿ ಸಗಟು ವ್ಯಾಪಾರ ನಡೆಯುತ್ತದೆ, ಹಲವು ಹೆಸರುಗಳಿಗೂ ಸರಕಿಗೂ ನಂಟು ಕಡಿದಿದೆ. ಆದರೂ ಒಂದೇ ಬಗೆಯ ಅಂಗಡಿಗಳು ಒತ್ತೊತ್ತಾಗಿ ಕೂರುವ ಪದ್ಧತಿ ಮಾತ್ರ ಹಾಗೇ ಉಳಿದಿದೆ.

ಚಿನ್ನ ಬೆಳ್ಳಿ ಅಂಗಡಿಗಳ ಬಾಗಿಲು ತೆರೆಯುವುದು ಹತ್ತರ ಮೇಲೆ. ಅಷ್ಟರತನಕ ಫುಟ್‌ಪಾತ್ ಮೇಲಿನ ಹಳೆ ಪುಸ್ತಕಗಳನ್ನು ನೋಡುತ್ತ, ಇಡ್ಲಿ ತಿಂದು ಕಾಫಿ ಕುಡಿದು ಹೊತ್ತು ಕಳೆಯಬಹುದು. ರಾಜಾ ಮಾರ್ಕೆಟ್ ಮತ್ತು ನಗರ್ತಪೇಟೆಯ ಕಡೆ ತಿರುಗಿದರೆ ಗಾಜಿನ ಹಿಂದೆ ಬೆಳ್ಳಿಯ ಲಕ್ಷ್ಮಿ ಮುಖವಾಡಗಳು ಸಾಲಾಗಿ ನಿಂತಿವೆ. ಅಂಗೈಯಗಲದ್ದೂ ಇದೆ, ತಟ್ಟೆಯಗಲದ್ದೂ ಇದೆ. ಜೊತೆಗೆ ಸೀರೆ ಉಡಿಸಿ ಸಿದ್ಧ ಮಾಡಿಟ್ಟ ಲಕ್ಷ್ಮಿ ಬೊಂಬೆಗಳು, ಕೈಕಾಲು, ಜಡೆ, ಸೊಂಟದ ಪಟ್ಟಿ. ಕಲಶದ ಮೇಲಿನ ತೆಂಗಿನಕಾಯಿಗೆ ಅರಿಶಿನ ಹಚ್ಚಿ, ಕಣ್ಣು ಮೂಗು ಬರೆಯುತ್ತಿದ್ದ ಮನೆಗಳು ಈಗಲೂ ಇವೆ. ಎರಡೂ ಪೂಜೆಯೇ. ಬೆಳ್ಳಿ ಮುಖವಿಲ್ಲದೆ ಹಬ್ಬ ಅರ್ಧವೆಂಬ ಭಾವನೆಯನ್ನು ಯಾರಾದರೂ ಹುಟ್ಟಿಸಿದರೆ ಅದನ್ನು ಒಪ್ಪಬೇಕಿಲ್ಲ.

ಚಿನ್ನದ ಜಾಹೀರಾತುಗಳಲ್ಲಿ ಈ ವಾರ ಎದ್ದು ಕಾಣುವ ಮಾತು ಮಜೂರಿಯ ಮೇಲಿನ ರಿಯಾಯಿತಿ. ‘ಮೇಕಿಂಗ್ ಚಾರ್ಜ್‌ನಲ್ಲಿ 50% ಕಡಿತ’ ಎಂದು ಅಂಗೈಯಷ್ಟು ದೊಡ್ಡ ಅಕ್ಷರದಲ್ಲಿ ಇರುತ್ತದೆ. ಯಾವ ಮಜೂರಿಯ ಅರ್ಧ ಎಂಬುದು ಇರುವುದಿಲ್ಲ. ಇದನ್ನು ಲೆಕ್ಕ ಹಾಕಿ ನೋಡಬೇಕು. ಗ್ರಾಂಗೆ 10,000 ರೂಪಾಯಿ ಎಂದು ಲೆಕ್ಕಕ್ಕೆ ಇಟ್ಟುಕೊಳ್ಳೋಣ. 10 ಗ್ರಾಂ ಸರಕ್ಕೆ ಚಿನ್ನದ ಬೆಲೆ 1,00,000. ಒಂದು ಅಂಗಡಿ ಮಜೂರಿಯನ್ನು 20% ಎಂದು ಹಾಕಿ ಅದರಲ್ಲಿ ಅರ್ಧ ಬಿಟ್ಟರೆ 10,000 ಉಳಿಯುತ್ತದೆ. ಪಕ್ಕದ ಅಂಗಡಿ ಯಾವ ರಿಯಾಯಿತಿಯನ್ನೂ ಸಾರದೆ ಮೊದಲೇ 8% ಮಜೂರಿ ಹಾಕಿದರೆ 8,000. ಎರಡರ ಮೇಲೂ 3% ಜಿಎಸ್‌ಟಿ. ಮೊದಲ ಬಿಲ್ಲು 1,13,300, ಎರಡನೆಯದು 1,11,240. ಅರ್ಧ ಬಿಟ್ಟವರ ಸರವೇ 2,060 ರೂಪಾಯಿ ದುಬಾರಿ.

ಆದ್ದರಿಂದ ಅಂಗಡಿಗೆ ಹೋದವರು ಕೇಳಬೇಕಾದ್ದು ಎಷ್ಟು ಬಿಟ್ಟಿರಿ ಎಂದಲ್ಲ, ಕೊನೆಗೆ ಎಷ್ಟು ಎಂದು. ಕಲ್ಲಿನ ತೂಕ ಕಳೆದು ಚಿನ್ನದ ನಿವ್ವಳ ತೂಕ ಎಷ್ಟು, ಮಜೂರಿ ಎಷ್ಟು, ವೇಸ್ಟೇಜ್ ಬೇರೆ ಹಾಕಿದ್ದಾರೆಯೇ, ಹಿಂದಿರುಗಿಸಿದರೆ ಎಷ್ಟಕ್ಕೆ ತಗೊಳ್ಳುತ್ತಾರೆ, ಇವೆಲ್ಲ ಬಿಲ್ಲಿನಲ್ಲಿ ಬಿಡಿಬಿಡಿಯಾಗಿ ಬರಬೇಕು. 22 ಕ್ಯಾರೆಟ್ ಒಡವೆಯ ಮೇಲೆ ಭಾರತೀಯ ಮಾನಕ ಬ್ಯೂರೊದ (ಬಿಐಎಸ್) ಗುರುತು, ಶುದ್ಧತೆ ಹೇಳುವ 916 ಎಂಬ ಅಂಕೆ, ಆ ಒಡವೆಗೇ ಮೀಸಲಾದ ಆರು ಅಕ್ಷರ-ಅಂಕೆಗಳ ಎಚ್‌ಯುಐಡಿ ಸಂಖ್ಯೆ ಇರಬೇಕು. ಶುದ್ಧತೆಯ ಈ ಮುದ್ರೆ, ಅಂದರೆ ಹಾಲ್‌ಮಾರ್ಕ್, ಕಡ್ಡಾಯವಾಗತೊಡಗಿದ್ದು 2021ರ ಜೂನ್‌ನಲ್ಲಿ, ಎಚ್‌ಯುಐಡಿ ಇಲ್ಲದ ಹಾಲ್‌ಮಾರ್ಕ್ ಒಡವೆ ಮಾರುವಂತಿಲ್ಲ ಎಂದಾದದ್ದು 2023ರ ಏಪ್ರಿಲ್ 1ರಿಂದ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಒಡವೆಯ ವಿವರ ಬರುತ್ತದೆ. ಅಂಗಡಿಯಲ್ಲಿ ನಿಂತೇ ನೋಡಬಹುದು. ನನ್ನ ಮುಂದೆಯೇ ಒಬ್ಬ ಹೆಂಗಸು ಕನ್ನಡಕ ಏರಿಸಿಕೊಂಡು, ಅಂಗಡಿಯವರಿಂದ ಭೂತಗನ್ನಡಿ ಇಸಕೊಂಡು, ಓಲೆಯ ಹಿಂಬದಿಯ ಆ ಸಣ್ಣ ಅಕ್ಷರಗಳನ್ನು ಒಂದೊಂದಾಗಿ ಮಗಳಿಗೆ ಓದಿ ಹೇಳಿದರು. ಮಗಳು ಫೋನಿನಲ್ಲಿ ಒತ್ತಿದಳು. ಅಂಗಡಿಯವರು ಬೇಸರಪಡದೆ ಕಾದರು. ಹಬ್ಬದ ಖರೀದಿ ಎಂದರೆ ಹೀಗಿರಬೇಕು ಅನ್ನಿಸಿತು.

ಪಂಚಾಂಗಕ್ಕೆ ಬಿದ್ದ ಹೊಸ ಟಿಪ್ಪಣಿ

ಚಿಕ್ಕಪೇಟೆಗೆ ತಿರುಗುವಲ್ಲಿ ಒಂದು ಸೀರೆ ಅಂಗಡಿಯ ಮೇಲೆ ‘ಆಷಾಢ ಸೇಲ್’ ಬ್ಯಾನರ್ ಇನ್ನೂ ಇಳಿದಿರಲಿಲ್ಲ. ಅದರ ಪಕ್ಕದಲ್ಲೇ ‘ವರಮಹಾಲಕ್ಷ್ಮಿ ವಿಶೇಷ’ ಎಂಬ ಹೊಸ ಬ್ಯಾನರ್ ಬಂದಿತ್ತು. ಎರಡನ್ನೂ ಒಟ್ಟಿಗೆ ನೋಡಿದಾಗ ಜಾಹೀರಾತು ನಮ್ಮ ಕಾಲಗಣನೆಯನ್ನೇ ಹೇಗೆ ಮುಟ್ಟಿದೆ ಎಂಬುದು ಅರ್ಥವಾಗುತ್ತದೆ.

ಆಷಾಢದಲ್ಲಿ ಮದುವೆ ಮುಂಜಿ ಇಲ್ಲ, ಗೃಹಪ್ರವೇಶವಿಲ್ಲ, ಹೊಸದಾಗಿ ಮದುವೆಯಾದ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ. ವ್ಯಾಪಾರಿಗೆ ಅದು ಕೈ ಖಾಲಿಯ ತಿಂಗಳು. ಆ ತಿಂಗಳನ್ನು ತುಂಬಲು ಬಟ್ಟೆ ಅಂಗಡಿಗಳು ರಿಯಾಯಿತಿ ಕೊಡತೊಡಗಿದವು. ಈಗ ಆಷಾಢ ಎಂದರೆ ಸೇಲ್ ಎಂದೇ ನಮ್ಮ ಪೀಳಿಗೆ ತಿಳಿದಿದೆ. ಇದರಲ್ಲಿ ತಪ್ಪೇನಿಲ್ಲ. ಬೇಡಿಕೆ ಇಲ್ಲದಾಗ ಬೆಲೆ ಇಳಿಯುವುದು ಹೂವಿನಲ್ಲೂ ಇದೆ, ಸೀರೆಯಲ್ಲೂ ಇದೆ. ಶ್ರಾವಣಕ್ಕೆ ಬೇಕಾದ ಸೀರೆಯನ್ನು ಆಷಾಢದಲ್ಲೇ ಕೊಂಡಿಡುವ ಜಾಣೆಯರು ನಮ್ಮ ಮನೆಯಲ್ಲೂ ಇದ್ದಾರೆ.

ಮನಸ್ಸಿಗೆ ಕಷ್ಟವಾಗುವುದು ಬೇರೆ ಎರಡು ದಿನಗಳ ವಿಷಯದಲ್ಲಿ. ವೈಶಾಖ ಶುದ್ಧ ತದಿಗೆ ಅಕ್ಷಯ ತೃತೀಯ. ಅದೇ ದಿನ ಬಸವ ಜಯಂತಿ. ಕಾಯಕ ಮತ್ತು ದಾಸೋಹವನ್ನು ಬದುಕಿನ ನಡುವೆ ಇಟ್ಟ ಬಸವಣ್ಣನವರ ದಿನವದು. ಆ ದಿನ ದಾನ ಮಾಡಿದರೆ ಅಕ್ಷಯ ಎಂದು ಹಿರಿಯರು ನೀರು, ಬೀಸಣಿಗೆ, ಧಾನ್ಯ ಕೊಡುತ್ತಿದ್ದುದನ್ನು ನಾನು ಮನೆಯಲ್ಲಿ ಕೇಳಿ ಬಲ್ಲೆ. ಈಗ ಆ ದಿನದ ಪತ್ರಿಕೆ ಬಿಡಿಸಿದರೆ ಕಾಣುವುದು ಚಿನ್ನ ಕೊಳ್ಳಿ ಎಂಬ ಕರೆ. ಕೊಡುವ ದಿನ ಕೊಳ್ಳುವ ದಿನವಾಗಿದೆ.

ದೀಪಾವಳಿಯ ಮೊದಲ ದಿನದ ಕಥೆಯೂ ಹೀಗೇ. ಆಶ್ವಯುಜ ಬಹುಳ ತ್ರಯೋದಶಿ ನಮಗೆ ನೀರು ತುಂಬುವ ಹಬ್ಬ. ಬಚ್ಚಲ ಹಂಡೆಯನ್ನು ಹುಣಿಸೆಹಣ್ಣು ಹಾಕಿ ತಿಕ್ಕಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬರೆದು, ಹೊಸ ನೀರು ತುಂಬಿ ಪೂಜೆ ಮಾಡುವುದು. ಮಾರನೆಯ ದಿನ ನರಕ ಚತುರ್ದಶಿಯ ಎಣ್ಣೆ ಸ್ನಾನಕ್ಕೆ ಅದೇ ನೀರು. ಇದಕ್ಕೆ ಹಂಡೆ, ಹುಣಿಸೆಹಣ್ಣು, ನೀರು ಬಿಟ್ಟರೆ ಬೇರೆ ಖರ್ಚಿಲ್ಲ. ಈಗ ಅದೇ ದಿನ ಧನ್‌ತೇರಸ್ ಎಂಬ ಹೆಸರಿನಲ್ಲಿ ನಮ್ಮ ಫೋನಿಗೆ ಬರುತ್ತದೆ. ಉತ್ತರ ಭಾರತದ ಮನೆಗಳಲ್ಲಿ ಅದು ಅವರದೇ ಆದ ಹಳೆಯ ಆಚರಣೆ, ಅದಕ್ಕೆ ಗೌರವವಿದೆ. ನನ್ನ ನೋವು ಇಷ್ಟೇ. ಇಡೀ ದೇಶಕ್ಕೆ ಒಂದೇ ಜಾಹೀರಾತು ತಯಾರಿಸಿದರೆ ಖರ್ಚು ಕಡಿಮೆ. ಆ ಅನುಕೂಲಕ್ಕಾಗಿ ನಮ್ಮ ಹಂಡೆಯ ಹಬ್ಬ ಪುಟದಿಂದ ಹೊರಗೆ ಹೋಗುತ್ತಿದೆ. ನನ್ನ ತಂಗಿಯ ವಯಸ್ಸಿನ ಎಷ್ಟೋ ಹುಡುಗಿಯರಿಗೆ ಧನ್‌ತೇರಸ್ ಗೊತ್ತು, ನೀರು ತುಂಬುವ ಹಬ್ಬ ಗೊತ್ತಿಲ್ಲ.

ಚಿಕ್ಕಪೇಟೆಯ ಹಾಸಿನ ಮೇಲೆ

ಚಿಕ್ಕಪೇಟೆಯ ಸೀರೆ ಅಂಗಡಿಗಳಲ್ಲಿ ಅರ್ಧಕ್ಕರ್ಧ ಇಕ್ಕಟ್ಟಾದ ಮೆಟ್ಟಿಲು ಹತ್ತಿದ ಮೇಲೆ ಸಿಗುತ್ತವೆ. ಕೆಳಗೆ ನಿಂತ ಹುಡುಗರು “ಬನ್ನಿ ಮೇಡಂ, ಮೇಲೆ ಬನ್ನಿ, ನೋಡಿದ್ರೆ ದುಡ್ಡಿಲ್ಲ” ಎಂದು ಕರೆಯುತ್ತಾರೆ. ಹಳೆಯ ಅಂಗಡಿಗಳಲ್ಲಿ ಇಂದಿಗೂ ಬಿಳಿ ಬಟ್ಟೆ ಹೊದಿಸಿದ ಹಾಸಿನ ಮೇಲೆ ಕೂತು ಸೀರೆ ನೋಡಬೇಕು. ಎದುರಿಗೆ ಕೂತವರು ಒಂದು ಮಡಿಕೆ ಬಿಚ್ಚಿ, ಸೆರಗನ್ನು ಗಾಳಿಯಲ್ಲಿ ಎಸೆದು, ಅದು ನಮ್ಮ ಮಡಿಲ ಬಳಿ ಬಂದು ಬೀಳುವಂತೆ ಹಾಸುತ್ತಾರೆ. ಇಪ್ಪತ್ತು ಸೀರೆ ಬಿಚ್ಚಿಸಿ ಒಂದನ್ನೂ ಕೊಳ್ಳದೆ ಎದ್ದರೂ ಅವರು ಮತ್ತೆ ಮಡಿಸಿಡುತ್ತಾರೆ.

ಇಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಇದು ಶುದ್ಧ ರೇಷ್ಮೆಯೋ ಎಂಬುದು. ‘ಸಿಲ್ಕ್’ ಎಂದು ಜಾಹೀರಾತಿನಲ್ಲಿ ಕಂಡದ್ದೆಲ್ಲ ರೇಷ್ಮೆಯಲ್ಲ. ಆರ್ಟ್ ಸಿಲ್ಕ್ ಎಂದರೆ ಕೃತಕ ನೂಲು. ಬೆಂಗಳೂರಿನಲ್ಲೇ ಕೇಂದ್ರ ಕಚೇರಿ ಇರುವ ಕೇಂದ್ರ ರೇಷ್ಮೆ ಮಂಡಳಿ 2004ರಲ್ಲಿ ಸಿಲ್ಕ್ ಮಾರ್ಕ್ ಗುರುತನ್ನು ತಂದದ್ದು ಈ ಗೊಂದಲ ತಪ್ಪಿಸಲೆಂದೇ. ಗುರುತಿಲ್ಲದಿದ್ದರೆ ಹಳೆಯ ಪರೀಕ್ಷೆ ಇದೆ. ನಾನು ಕೇಳಿದಾಗ ಅಂಗಡಿಯ ಹಿರಿಯರು ಸೀರೆಯ ಅಂಚಿನ ಕುಚ್ಚಿನಿಂದ ಎರಡೆಳೆ ಕಿತ್ತು ಬೆಂಕಿಕಡ್ಡಿ ಗೀರಿದರು. ಎಳೆ ಸುಟ್ಟು ಕೂದಲು ಕರಟಿದ ವಾಸನೆ ಬಂತು. ಉಳಿದ ಕರಿಯನ್ನು ಬೆರಳಲ್ಲಿ ಉಜ್ಜಿದರೆ ಪುಡಿಯಾಯಿತು. ಇನ್ನೊಂದು ಸೀರೆಯ ಎಳೆ ಕರಗಿ, ಗಟ್ಟಿ ಮಣಿಯಾಗಿ ಉಂಡೆಗಟ್ಟಿತು. “ಇದು ಪಾಲಿಯೆಸ್ಟರ್ ತಾಯಿ. ನೋಡೋಕೆ ಚೆನ್ನಾಗಿರುತ್ತೆ, ಬೆಲೆಯೂ ಕಡಿಮೆ. ರೇಷ್ಮೆ ಅಂತ ಮಾತ್ರ ತಗೊಳ್ಬೇಡಿ” ಎಂದರು. ಸಾವಿರ ರೂಪಾಯಿಯ ಸೀರೆಯನ್ನು ಸಾವಿರ ರೂಪಾಯಿಯ ಸೀರೆಯೆಂದು ಹೇಳಿ ಮಾರಿದರೆ ಅದು ಪ್ರಾಮಾಣಿಕ ವ್ಯಾಪಾರ. ಉಡುವವಳಿಗೂ ಅದರಲ್ಲಿ ಸಂತೋಷವಿದೆ.

ಹಾಸಿನ ಮೇಲೆ ನನ್ನ ಪಕ್ಕ ಕೂತಿದ್ದವರು ಹೆಚ್ಚಿನವರು ಹೆಂಗಸರೇ. ತಾಯಿ ಮಗಳು, ಅತ್ತೆ ಸೊಸೆ, ಒಂದೇ ಕಡೆ ಕೆಲಸ ಮಾಡುವ ನಾಲ್ವರು ಗೆಳತಿಯರು. ಚೌಕಾಸಿ ಮಾಡಿದವರು ಅವರು. ಪರ್ಸು ತೆರೆದವರು ಅವರು. ಫೋನ್ ಚಾಚಿ ಯುಪಿಐಯಲ್ಲಿ ದುಡ್ಡು ಕಳಿಸಿದವರೂ ಅವರೇ. ಜಾಹೀರಾತಿನ ಹುಡುಗಿ ಮಾತ್ರ ಈ ಕೆಲಸ ಮಾಡುವುದು ತೀರ ಕಡಿಮೆ. ಅವಳು ಕಣ್ಣು ಮುಚ್ಚಿ ಕಾಯುತ್ತಾಳೆ, ಅಪ್ಪನೋ ಗಂಡನೋ ಡಬ್ಬಿ ತರುತ್ತಾನೆ, ಅವಳು ಕಣ್ಣು ಬಿಟ್ಟು ನಗುತ್ತಾಳೆ. ಅವಳ ಅಮ್ಮ ಹಿಂದೆ ಹೋಳಿಗೆಯ ತಟ್ಟೆ ಹಿಡಿದು ನಗುತ್ತಾಳೆ. ಆ ಹೋಳಿಗೆಗೆ ಬೇಳೆ ಬೇಯಿಸಿ ಹೂರಣ ರುಬ್ಬಿದ ಬೆವರು ಯಾವ ಚೌಕಟ್ಟಿನಲ್ಲೂ ಇಲ್ಲ. ನನ್ನ ವಯಸ್ಸಿನ ಹೆಣ್ಣುಮಕ್ಕಳು ದುಡಿಯುತ್ತಾರೆ, ಮನೆ ಬಾಡಿಗೆ ಕಟ್ಟುತ್ತಾರೆ, ತಮ್ಮನ ಫೀಸು ಕೊಡುತ್ತಾರೆ, ಅಮ್ಮನಿಗೆ ಸೀರೆ ಕೊಡಿಸುತ್ತಾರೆ. ಅವರನ್ನು ಲೆಕ್ಕ ಬಲ್ಲವರಂತೆ ಮಾತಾಡಿಸುವ ಜಾಹೀರಾತು ಬೇಕು. ಗ್ರಾಂ ಎಷ್ಟು, ನೂಲು ಯಾವುದು, ಕೊನೆಯ ಬೆಲೆ ಎಷ್ಟು ಎಂದು ನೇರವಾಗಿ ಹೇಳಿದರೆ ಸಾಕು, ಉಳಿದದ್ದನ್ನು ನಾವು ನೋಡಿಕೊಳ್ಳುತ್ತೇವೆ.

ಮಾರುವ ಹೆಣ್ಣುಮಕ್ಕಳ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ದೊಡ್ಡ ಅಂಗಡಿಗಳಲ್ಲಿ ಹಬ್ಬದ ವಾರ ಬೆಳಗಿನಿಂದ ರಾತ್ರಿಯವರೆಗೆ ಅವರು ನಿಂತೇ ಇರುತ್ತಾರೆ. ಅಂಗಡಿ ಕೆಲಸಗಾರರಿಗೆ ಕೂರಲು ಆಸನ ಕೊಡಲೇಬೇಕೆಂದು ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನು ತಂದವು. ಚಿಕ್ಕಪೇಟೆಯಿಂದ ಮಾಲ್‌ವರೆಗೆ ನಮ್ಮ ಎಲ್ಲ ಅಂಗಡಿಗಳಲ್ಲೂ ಕೌಂಟರ್ ಹಿಂದೆ ಆ ಒಂದು ಸ್ಟೂಲು ಕಾಣಬೇಕು. ಲಕ್ಷ್ಮಿಯ ಹೆಸರಿನಲ್ಲಿ ವ್ಯಾಪಾರ ಮಾಡುವವರು ಅಷ್ಟನ್ನಾದರೂ ಮಾಡಬೇಕು.

ಅಂಗೈಯಲ್ಲಿರುವ ಪೇಟೆ

ನಡಿಗೆ ಮುಗಿಯುವುದು ಚಿಕ್ಕಪೇಟೆ ಮೆಟ್ರೊ ನಿಲ್ದಾಣದಲ್ಲಿ. ಹಸಿರು ಮಾರ್ಗದ ಕೆ.ಆರ್. ಮಾರ್ಕೆಟ್ ನಿಲ್ದಾಣದಲ್ಲಿ ಇಳಿದು, ಪೇಟೆ ಸುತ್ತಿ, ಪಕ್ಕದ ಈ ನಿಲ್ದಾಣದಲ್ಲಿ ಹತ್ತಬಹುದು. ಎರಡೂ 2017ರಿಂದ ಓಡಾಟಕ್ಕೆ ತೆರೆದಿವೆ. ಬರುವವರು ಬಟ್ಟೆ ಚೀಲ ತರಬೇಕು. ಹೂವಿಗೆ ಚಿಲ್ಲರೆ ಇಟ್ಟುಕೊಂಡಿರಬೇಕು. ಮಕ್ಕಳ ಕೈ ಬಿಡಬಾರದು. ಈ ಓಣಿಗಳಲ್ಲಿ ಕಾರು ತರುವ ಯೋಚನೆಯನ್ನೇ ಮಾಡಬಾರದು.

ಪ್ಲಾಟ್‌ಫಾರ್ಮ್‌ನಲ್ಲಿ ಕೂತು ಫೋನ್ ತೆಗೆದರೆ ಇನ್ನೊಂದು ಪೇಟೆ ತೆರೆದುಕೊಳ್ಳುತ್ತದೆ. ಅದರಲ್ಲೂ ಬೆಂಗಳೂರಿನ ಪಾಲಿದೆ. ಫ್ಲಿಪ್‌ಕಾರ್ಟ್ ಹುಟ್ಟಿದ್ದು 2007ರಲ್ಲಿ ಈ ಊರಿನಲ್ಲೇ. ಅದು 2014ರ ಅಕ್ಟೋಬರ್ 6ರಂದು ಬಿಗ್ ಬಿಲಿಯನ್ ಡೇ ಎಂಬ ತನ್ನ ರಿಯಾಯಿತಿ ಮಾರಾಟವನ್ನು ಮೊದಲ ಸಲ ನಡೆಸಿತು. ಅಲ್ಲಿಂದೀಚೆಗೆ ದಸರಾ ದೀಪಾವಳಿಯ ಮುಂಚಿನ ವಾರಗಳು ಆನ್‌ಲೈನ್ ಮಾರಾಟದ ದೊಡ್ಡ ಸುಗ್ಗಿಯಾಗಿವೆ. ಊರೂರಿನ ನೇಕಾರರ ಸೀರೆ ಮನೆ ಬಾಗಿಲಿಗೆ ಬರುವುದು, ಕುಳಿತಲ್ಲೇ ನಾಲ್ಕು ಕಡೆಯ ಬೆಲೆ ತೂಗಿ ನೋಡುವುದು ಈ ಪೇಟೆಯ ಒಳ್ಳೆಯ ಗುಣ. ನಾನೂ ಅಲ್ಲಿ ಕೊಳ್ಳುತ್ತೇನೆ.

ಆದರೆ ಅಲ್ಲಿ ನಮ್ಮನ್ನು ಅವಸರಕ್ಕೆ ದೂಡುವ ಉಪಾಯಗಳು ಬಹಳ. ‘ಎರಡೇ ಉಳಿದಿವೆ’ ಎಂಬ ಕೆಂಪು ಅಕ್ಷರ. ಸೆಕೆಂಡು ಸೆಕೆಂಡಿಗೆ ಇಳಿಯುವ ಗಡಿಯಾರ. ಬೇಡವೆಂದು ಒತ್ತುವಾಗ ‘ನನಗೆ ಉಳಿತಾಯ ಬೇಡ’ ಎಂದು ಬರೆದ ಗುಂಡಿ. ದುಡ್ಡು ಕಟ್ಟುವ ಕೊನೆಯ ಹೆಜ್ಜೆಯಲ್ಲಿ ಸೇರಿಕೊಳ್ಳುವ ಶುಲ್ಕ, ನಾವು ಹಾಕದೆಯೇ ಬುಟ್ಟಿಗೆ ಬಂದ ವಸ್ತು. ಇವೆಲ್ಲ ಚಾತುರ್ಯವಲ್ಲ, ಅಕ್ರಮ ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿ ಹೇಳುತ್ತದೆ. ಡಾರ್ಕ್ ಪ್ಯಾಟರ್ನ್ ಎಂಬ ಹೆಸರಿನಡಿ ಅದು ಇಂಥ 13 ಬಗೆಗಳನ್ನು ಪಟ್ಟಿ ಮಾಡಿದೆ. ಸುಳ್ಳು ಅವಸರ ಹುಟ್ಟಿಸುವುದು ಆ ಪಟ್ಟಿಯ ಮೊದಲ ಹೆಸರು.

ಬಡ್ಡಿಯಿಲ್ಲದ ಕಂತಿನ ಮಾತನ್ನೂ ಹೀಗೇ ಬಿಡಿಸಿ ನೋಡಬೇಕು. ಶೂನ್ಯ ಬಡ್ಡಿ ಎಂಬುದೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಹೇಳಿತು. ಈಗಿನ ‘ನೋ ಕಾಸ್ಟ್ ಇಎಂಐ’ಯಲ್ಲಿ ಬ್ಯಾಂಕು ಬಡ್ಡಿ ಹಾಕುತ್ತದೆ, ಆ ಬಡ್ಡಿಯಷ್ಟನ್ನು ಮಾರುವವರು ಬೆಲೆಯಲ್ಲಿ ಕಳೆಯುತ್ತಾರೆ. ಕ್ರೆಡಿಟ್ ಕಾರ್ಡಿನ ಕಂತಾದರೆ ಬಡ್ಡಿಯ ಮೇಲಿನ 18% ಜಿಎಸ್‌ಟಿ, ಹಲವು ಸಲ ಸಂಸ್ಕರಣಾ ಶುಲ್ಕ ನಮ್ಮ ಮೇಲೆಯೇ ಬೀಳುತ್ತವೆ. ಒಂದೇ ಸಲ ದುಡ್ಡು ಕೊಡುವವರಿಗೆ ಸಿಗುವ ರಿಯಾಯಿತಿಯೂ ಕೆಲವೊಮ್ಮೆ ಕೈ ತಪ್ಪುತ್ತದೆ. ಹಬ್ಬ ಮುಗಿದ ಮೇಲೂ ಒಂಬತ್ತು ತಿಂಗಳು ಕಂತು ಕಟ್ಟುವುದು ನಾವೇ.

ಈ ಪೇಟೆಯಲ್ಲಿ ಎದುರಿಗೆ ಕೂತು ಎಳೆ ಸುಟ್ಟು ತೋರಿಸುವವರು ಇಲ್ಲ. ಹಾಗಾದರೆ ಪ್ರಶ್ನೆಯನ್ನು ಯಾರಿಗೆ ಕೇಳುವುದು? ಅದಕ್ಕೂ ದಾರಿ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದಾರಿ ತಪ್ಪಿಸುವ ಜಾಹೀರಾತು ಕೊಟ್ಟವರಿಗೆ 10 ಲಕ್ಷ ರೂಪಾಯಿಯವರೆಗೆ, ಅದೇ ತಪ್ಪು ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ಹೇಳುತ್ತಿರುವುದು ನಿಜವೇ ಎಂದು ಪರಿಶೀಲಿಸದೆ ಅಂಥ ಜಾಹೀರಾತಿನಲ್ಲಿ ಕಾಣಿಸಿಕೊಂಡ ತಾರೆಯರೂ ಹೊಣೆಯಿಂದ ತಪ್ಪಿಸಿಕೊಳ್ಳಲಾಗದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಹಬ್ಬದ ವಾರ ಇದು ಪ್ರತಿ ಹೆಣ್ಣುಮಗಳ ಫೋನಿನಲ್ಲಿ ಇರಬೇಕು. ಜಾಹೀರಾತಿನ ಒಂದು ಸ್ಕ್ರೀನ್‌ಶಾಟ್, ಬಿಲ್ಲಿನ ಒಂದು ಫೋಟೊ ತೆಗೆದಿಟ್ಟರೆ ದೂರಿಗೆ ಅವೇ ಗಟ್ಟಿ ಆಧಾರ.

ಚೌಕಾಸಿಯನ್ನು ನಮ್ಮ ಪೀಳಿಗೆ ಹಳೆಯ ಕಾಲದ ಅಭ್ಯಾಸವೆಂದು ಪಕ್ಕಕ್ಕಿಟ್ಟಿದೆ. ನಮ್ಮ ಅಮ್ಮಂದಿರ ಕೈಯಲ್ಲಿ ಅದು ಐದು ರೂಪಾಯಿ ಉಳಿಸುವುದಕ್ಕಿಂತ ದೊಡ್ಡ ವಿದ್ಯೆಯಾಗಿತ್ತು. ವಸ್ತುವನ್ನು ಮುಟ್ಟಿ ನೋಡುವುದು, ಕಾರಣ ಕೇಳುವುದು, ಪಕ್ಕದ ಅಂಗಡಿಯಲ್ಲಿ ವಿಚಾರಿಸುವುದು, ಒಪ್ಪಿಗೆಯಾಗದಿದ್ದರೆ ನಾಚಿಕೆಯಿಲ್ಲದೆ ಎದ್ದು ಬರುವುದು, ಇವೆಲ್ಲ ಸೇರಿ ಚೌಕಾಸಿ. ಹೂ ಮಾರುವ ಬಡ ಹೆಂಗಸಿನ ಮುಂದೆ ಅದನ್ನು ಕಡಿಮೆ ಮಾಡೋಣ. ಪತ್ರಿಕೆಯ ಪುಟದ ಮುಂದೆ, ಫೋನಿನ ಪರದೆಯ ಮುಂದೆ ಅದನ್ನು ಪೂರ್ತಿಯಾಗಿ ಬಳಸೋಣ. ಸಂಪಾದನೆ ನಮ್ಮದು, ಹಬ್ಬವೂ ನಮ್ಮದು. ಆ ಹಬ್ಬಕ್ಕೆ ಏನು ಬೇಕು, ಏನು ಬೇಡ ಎಂದು ಹೇಳುವ ಮಾತೂ ನಮ್ಮ ಬಾಯಿಂದಲೇ ಬರಬೇಕು.